ಹನ್ನೊಂದು ಗ್ರಾಂ

ತಕ್ಕಡಿಗಿರುವುದು ಎರಡೇ ತಟ್ಟೆ,
ನನ್ನ ಕೈಯಲ್ಲಿ ಮೂರು ಕಾಗದ.

ಹಾಸನದ ಸಂತೆಪೇಟೆ, ಆಲೂಗಡ್ಡೆ ಸೀಸನ್ನು.
ಮಂಡಿಗಳ ತಕ್ಕಡಿಗಳೆಲ್ಲ ಮಣ್ಣು ಮೆತ್ತಿಕೊಂಡು ಬಂದು
ವೀರಾಚಾರ್ ಅಂಗಡಿಯ ಬಾಗಿಲಲ್ಲಿ
ಸರ್ಕಾರಿ ಆಸ್ಪತ್ರೆಯ ರೋಗಿಗಳಂತೆ ಕೂರುವ ಕಾಲ.
ಡಿಪ್ಲೊಮಾ ಮುಗಿಸಿ ಬಂದ ನನಗೆ ಆಚಾರ್ರು
ಆರು ತಿಂಗಳು ಸ್ಕ್ರೂಡ್ರೈವರ್ ಮುಟ್ಟಿಸಲಿಲ್ಲ.
"ಬರೀ ತಕ್ಕಡಿ ನೋಡಮ್ಮ ಶೈಲಜಾ,
ಏನೂ ಇಡದೆ ಮುಳ್ಳು ಎಲ್ಲಿ ನಿಲ್ಲುತ್ತೆ ನೋಡು.
ಖಾಲಿಯಿದ್ದಾಗಲೇ ಸುಳ್ಳು ಹೇಳೋದು
ತುಂಬಿದ ಮೇಲೆ ನಿಜ ಹೇಳುತ್ತಾ?"

ಸಂಬಳ ಏಳನೇ ತಾರೀಕು.
ಕೆಲವು ತಿಂಗಳ ಏಳನೇ ತಾರೀಕು
ಹತ್ತೊಂಬತ್ತಕ್ಕೆ ಬರುತ್ತಿತ್ತು,
ಜೊತೆಗೆ ಅರ್ಧ ಮೂಟೆ ಆಲೂಗಡ್ಡೆ,
ಬಾಕಿ ತೀರಿಸದ ಯಾವನೋ ಮಂಡಿಯವನ ಲೆಕ್ಕದ್ದು.

ಕಂಪನಿಯ ಪತ್ರ ಕೈಗೆ ನುಣುಪು.
ಜರ್ಮನಿಯವರ ಡಿಜಿಟಲ್ ತಕ್ಕಡಿ, ನಾಲ್ಕು ಜಿಲ್ಲೆ ನನ್ನದು:
ಡೇರಿ, ಕಾಫಿ ಕ್ಯೂರಿಂಗು, ಚಿಪ್ಸ್ ಫ್ಯಾಕ್ಟರಿ.
ಕಾರು, ಫೋನು, ಅವ್ವನಿಗೂ ವಿಮೆ.
ಎಂಟನೇ ಪುಟದಲ್ಲಿ ಸಣ್ಣಕ್ಷರ:
ಕಾರಣ ಕೊಡದೆ ಮೂವತ್ತು ದಿನದ ನೋಟೀಸು.
ಅದೂ ಇರಲಿ.
ಕೆಟ್ಟದ್ದನ್ನು ನಾನು ಬಿಚ್ಚುವಂತಿಲ್ಲವಂತೆ;
ಕಿತ್ತು, ಹೊಸ ಪೆಟ್ಟಿಗೆ ಕೂರಿಸಿ, ಫೋಟೊ ಕಳಿಸಿದರೆ ಆಯಿತು.

ಇನ್ನೊಂದು ಮಾಪನ ಇಲಾಖೆಯದು,
ಸೀಲಿನ ನೇರಳೆ ಶಾಯಿ ಹಿಂಬದಿಗೂ ಇಳಿದಿತ್ತು.
ಮತ್ತೊಂದು ಅಂಗಡಿಯ ಬಿಲ್ ಪುಸ್ತಕದಿಂದ ಹರಿದ ಹಾಳೆ,
ಆಚಾರ್ರ ನಡುಗುವ ಕೈಬರಹ:
ಇನ್ನು ಮೇಲೆ ರೂಪಾಯಿಗೆ ನಾಲ್ಕಾಣೆ ನಿನ್ನ ಪಾಲು.

ತೂಗಿಯೂ ನೋಡಿದೆ, ನಗಬೇಡಿ,
ರಿಪೇರಿಗೆ ಬಂದ ಚಿನ್ನದ ತಕ್ಕಡಿಯಲ್ಲಿ.
ಕಂಪನಿಯದು ನಲವತ್ತೆಂಟು ಗ್ರಾಂ,
ಸರ್ಕಾರದ್ದು ಒಂಬತ್ತು,
ಬಿಲ್ ಹಾಳೆಗೆ ಮುಳ್ಳು ಸುಮ್ಮನೆ ಬೆಚ್ಚಿತು.

ಅವ್ವ ತೂಗಲಿಲ್ಲ.
ಹಾಸ್ಟೆಲಿನ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷದ ಹೊರಗುತ್ತಿಗೆ;
ಸರ್ಕಾರದ ಅನ್ನ ಬೇಯಿಸಿದ್ದಾಳೆ, ಸರ್ಕಾರ ಅವಳನ್ನು ಕಂಡಿಲ್ಲ.
"ನಾವಿರೋದು ಪೆನ್ಷನ್ ಮೊಹಲ್ಲಾ," ಅಂದಳು,
"ಓಣಿಗಿರೋ ಹೆಸರು ಮನೇಲೊಬ್ಬರಿಗಾದರೂ ಬರಲಿ."
ಈಗಿನವರಿಗೆ ಹಳೇ ಪೆನ್ಷನ್ ಇಲ್ಲವ್ವ ಎನ್ನಲು ಬಾಯಿ ತೆರೆದೆ.
ಅವಳು ಅಂಗೈಯ ಸುಟ್ಟ ಗಾಯಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.
ಮುಚ್ಚಿಕೊಂಡೆ.

ಸೋಮವಾರ ಸೇರಿದೆ.
ಬಿಲ್ ಹಾಳೆ ವಾಪಸು ಕೊಡಹೋದರೆ
"ಇಟ್ಕೊ, ಅದರ ಹಿಂದೆ ಏನಾದರೂ ಬರೆಯಬಹುದು" ಅಂದರು.

ಮೊದಲು ಅರಸೀಕೆರೆ. ಕೊಬ್ಬರಿ ಮಂಡಿಗಳು,
ನನ್ನ ಜೀಪು ಕಂಡರೆ ಒಳಕ್ಕೆ ಸರಿಯುವ ಬಟ್ಟುಗಳು,
ಬೇಡವೆಂದರೂ ಟೇಬಲ್ಲಿನ ಮೇಲೆ ಉಳಿದುಹೋಗುವ ಲಕೋಟೆ,
ಅದನ್ನು ದಾರಿಯವರೆಗೂ ಹೊತ್ತು ಹೋಗಿ ಕೊಟ್ಟು ಬಂದರೆ
ಆಫೀಸಿನಲ್ಲಿ ಎರಡು ದಿನ ಯಾರೂ ಟೀಗೆ ಕರೆಯುವುದಿಲ್ಲ.
ಮೂರನೇ ವರ್ಷ ಹಾಸನ.

ಪಟ್ಟಿಯಲ್ಲಿ ಇಪ್ಪತ್ತೆರಡನೆಯದು ಸಂತೆಪೇಟೆಯ ಅಂಗಡಿ.
ಯಾರಿಗೂ ಏಳದ ಆಚಾರ್ರು ಸ್ಟೂಲಿನಿಂದ ಎದ್ದರು.
ಕೂತ್ಕೊಳ್ಳಿ ಅಂದೆ. ಕೂರಲಿಲ್ಲ.
ನನ್ನ ಕೈಯೂ ಸಾವಿರ ಸಲ ಎತ್ತಿದ್ದ
ಆ ಐದು ಕೇಜಿಯ ಕಬ್ಬಿಣದ ಬಟ್ಟು
ಇಲಾಖೆಯ ಹಿತ್ತಾಳೆಯೆದುರು ಮೇಲಕ್ಕೆದ್ದಿತು.

ಹನ್ನೊಂದು ಗ್ರಾಂ ಕಡಿಮೆ.

ಮತ್ತೆ ಇಟ್ಟೆ. ಬರೀ ತಕ್ಕಡಿ ನೋಡಿದೆ, ಮುಳ್ಳು ನೆಟ್ಟಗಿತ್ತು.
ಹನ್ನೊಂದೇ.
ಅದರಲ್ಲಿ ನನ್ನ ಬೆರಳು ಸವೆಸಿದ್ದು ಎಷ್ಟೋ.
"ಬರ್ಕೊಳ್ಳಮ್ಮ," ಅಂದರು,
ಪಾಠ ಒಪ್ಪಿಸಿದ ಮಗುವನ್ನು ನೋಡುವವರಂತೆ.
ಬರೆದೆ: ತಿರಸ್ಕೃತ.
ಸಹಿ ಹಾಕುವಾಗ ನನ್ನ ಹೆಸರು ಉದ್ದವೆನಿಸಿತು.

ಸಂಜೆ ಐಡಿ ಕಾರ್ಡು ಬ್ಯಾಗಿಗೆ ಹಾಕಿ ಅದೇ ಬಾಗಿಲಿಗೆ ಹೋದೆ.
ಬಟ್ಟನ್ನು ಬೋರಲು ಹಾಕಿ ಕೂತಿದ್ದರು.
ಎಲ್ಲ ಕಬ್ಬಿಣದ ಬಟ್ಟಿಗೂ ತಳದಲ್ಲೊಂದು ತೂತು,
ಸವೆದಷ್ಟು ಸೀಸ ತುಂಬಲಿಕ್ಕೆ.
ಕುಲುಮೆಯ ತಿದಿ ನಾನೊತ್ತಿದೆ.
ಸೀಸ ಕರಗಿ ಕನ್ನಡಿಯಾಗುವ ಆ ಒಂದು ಗಳಿಗೆ
ಇಬ್ಬರೂ ಬಗ್ಗಿ ನೋಡಿದೆವು.

"ನಾಲ್ಕಾಣೆ ಪಾಲು ಹಾಗೇ ಇದೆ" ಅಂದರು.
ನಾನು ಇಕ್ಕಳ ಕೊಟ್ಟೆ.